ಬಡಿಸಿದರೆ ಸಾಕು, ಮಾತಾಡಬೇಡ

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ಇದ್ದರೂ ಯಾರೂ ಹೇಳಿಕೊಳ್ಳುವುದಿಲ್ಲ. ನಾನು ಪಟ್ಟಿದ್ದೇನೆ. ಅದೂ ಎಂಥದ್ದಕ್ಕೆ? ಅವಳು ನನಗಿಂತ ಬೇಗ ಜಪಾನಿ ಭಾಷೆ ಕಲಿತಳು ಎಂಬುದಕ್ಕೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗಲ್ಫಿನಲ್ಲಿ, ಹವಲ್ಲಿಯ ಹಳೇ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ನಮ್ಮ ಸಂಸಾರ, ಮದುವೆಯಾಗಿ ಎರಡು ವರ್ಷ. ನನ್ನ ಕೆಲಸ ಮೀನಾ ಅಬ್ದುಲ್ಲಾದಲ್ಲಿ, ರಿಫೈನರಿ ಪ್ರಾಜೆಕ್ಟಿನ ಸೈಟ್ ಆಫೀಸಿನಲ್ಲಿ. ಡ್ರಾಯಿಂಗುಗಳಿಗೆ ನಂಬರ್ ಹಾಕುವುದು, ಸೀಲು ಒತ್ತುವುದು, ಫೈಲು ಮಾಡುವುದು. ಐದು ವರ್ಷದಿಂದ ಅದೇ ಕುರ್ಚಿ, ಅದೇ ಸೀಲು. ಮುಖ್ಯ ಗುತ್ತಿಗೆ ಜಪಾನಿನವರದ್ದು. ಒಂದು ದಿನ ಅವರ ಮ್ಯಾನೇಜರು ನಮ್ಮನ್ನೆಲ್ಲ ಸೇರಿಸಿ, ಈ ಆಫೀಸಿನಿಂದ ಒಬ್ಬನನ್ನು ಆರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸುತ್ತೇವೆ, ಸ್ವಲ್ಪವಾದರೂ ಭಾಷೆ ಬಲ್ಲವನಿಗೆ ಮೊದಲ ಆದ್ಯತೆ ಎಂದರು. ಆ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಕುಳಿತಿದ್ದೆನೋ ಹಾರುತ್ತಿದ್ದೆನೋ ಗೊತ್ತಿಲ್ಲ. ಆ ಒಂದು ಸೀಟು ನನಗೆ ಬೇಕೇ ಬೇಕಿತ್ತು.

ಹವಲ್ಲಿಯ ಅಂಗಡಿಯೊಂದರಲ್ಲಿ ಎರಡು ಕ್ಯಾಸೆಟ್ಟಿನ ಜೊತೆ ಒಂದು ಪುಸ್ತಕ ಸಿಕ್ಕಿತು. ಕಂಪೆನಿ ಬಸ್ಸಿನಲ್ಲಿ ವಾಕ್‌ಮನ್ ಹಾಕಿಕೊಂಡೆ. ಎರಡನೇ ಪಾಠಕ್ಕೆ ನಿದ್ದೆ. ಸೈಟಿನಲ್ಲಿ ಬೆಳಿಗ್ಗೆ ಜಪಾನಿನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ವ್ಯಾಯಾಮ ಮಾಡಿಸುತ್ತಿದ್ದರು. ಅಲ್ಲಿ ಇಚಿ, ನಿ, ಸಾನ್ ಎಂದು ಎಲ್ಲರಿಗಿಂತ ಜೋರಾಗಿ ಎಣಿಸಿದೆ. ಎಂಜಿನಿಯರುಗಳನ್ನು ಕಂಡಲ್ಲೆಲ್ಲ ಅವರ ಭಾಷೆಯಲ್ಲೇ ನಮಸ್ಕಾರ ಹೇಳಿದೆ. ಅವರು ‘ಗುಡ್ ಮಾರ್ನಿಂಗ್’ ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಹೋಗಿಬಿಡುತ್ತಿದ್ದರು. ಟೈಮ್ ಕೀಪರ್ ಮಲಯಾಳಿ ದಿನಾ ಕೇಳುವನು: “ಭಾಯಿ, ಜಪಾನ್ ಕಬ್?”

ಪುಸ್ತಕದಲ್ಲಿ ಸಂಭಾಷಣೆಗಳಿದ್ದವು. ಗಿರಾಕಿ, ಅಂಗಡಿಯವಳು, ದಾರಿ ಕೇಳುವವನು, ಹೇಳುವವಳು. ಒಬ್ಬನೇ ಹೇಗೆ ಮಾತಾಡುವುದು? ಹೆಂಡತಿಯನ್ನು ಕರೆದೆ. ಅವಳು ಬಿ.ಕಾಂ. ಓದಿದವಳು, ನನ್ನ ವೀಸಾದ ಮೇಲೆ ಬಂದು ಮನೆಯಲ್ಲಿದ್ದಳು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

“ನೀನು ಅಂಗಡಿಯವಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದುಂಟು, ನೋಡಿಕೊಂಡು ಓದು.”

“ನನಗೆಂತಕ್ಕೆ ಮಾರಾಯ್ರೆ ಇದೆಲ್ಲ? ಒಲೆಯ ಮೇಲೆ ಬಂಗುಡೆ ಉಂಟು.”

“ಓದು ಮಾರಾಯ್ತಿ, ನನಗೊಂದು ಅಭ್ಯಾಸ.”

ಓದಿದಳು. ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದರಲ್ಲಿ ಪುಸ್ತಕ. ಎರಡು ವಾರ ಕಳೆಯುವುದರೊಳಗೆ ಅವಳಿಗೆ ಪುಸ್ತಕ ಬೇಡವಾಯಿತು. ಮೂರನೇ ವಾರ ನಾನು ನನ್ನ ಮಾತು ಮರೆತು ತಡವರಿಸಿದಾಗ, ಮೀನು ಮಗುಚುತ್ತಲೇ ನನ್ನ ಪಾಲಿನ ಮಾತನ್ನೂ ಹೇಳಿಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. “ಗೊತ್ತುಂಟು, ಹೇಳ್ತಾ ಇದ್ದೆ” ಎಂದೆ. ಗೊತ್ತಿರಲಿಲ್ಲ.

ನಾನು ಕೆಲಸಕ್ಕೆ ಹೋದ ಮೇಲೆ ಅವಳು ಕ್ಯಾಸೆಟ್ ಹಾಕುತ್ತಿದ್ದಳು. ಅಕ್ಕಿ ಡಬ್ಬಿಗೆ, ಉಪ್ಪಿನ ಡಬ್ಬಿಗೆ, ಫ್ರಿಜ್ಜಿಗೆ ಚೀಟಿ ಬರೆದು ಅಂಟಿಸಿದಳು. ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಕ್ಲಿಪ್ಪುಗಳನ್ನು ಜಪಾನಿಯಲ್ಲಿ ಎಣಿಸುತ್ತಾಳೆಂದು ಪಕ್ಕದ ಮನೆಯವರು ನನಗೆ ಹೇಳಿ ನಕ್ಕರು. ಒಂದು ದಿನ ಸೂಪರ್ ಮಾರ್ಕೆಟಿನಲ್ಲಿ ಇಬ್ಬರು ಜಪಾನಿ ಹೆಂಗಸರು ಮೂಲಂಗಿ ಹುಡುಕುತ್ತಿದ್ದರಂತೆ. ಇವಳು ಹೋಗಿ ತೋರಿಸಿದಳಂತೆ. ಅವರು ಚಪ್ಪಾಳೆ ತಟ್ಟಿದರಂತೆ. ಮುಖ ಅರಳಿಸಿಕೊಂಡು ಹೇಳಿದಳು. ದಿನವಿಡೀ ಜಪಾನಿನವರ ಮಧ್ಯೆ ಕೂತ ನನ್ನೊಡನೆ ಒಬ್ಬನೂ ಒಂದು ಮಾತು ಆಡುವುದಿಲ್ಲ, ಇವಳಿಗೆ ಮೂಲಂಗಿ ಬುಟ್ಟಿಯ ಹತ್ತಿರ ಚಪ್ಪಾಳೆ! “ಮೂಲಂಗಿ ತೋರಿಸಲಿಕ್ಕೆ ಭಾಷೆ ಯಾಕೆ, ಬೆರಳು ಸಾಕು” ಎಂದೆ. ಅವಳ ಮುಖ ಸಣ್ಣದಾಯಿತು. ಅದರಿಂದ ನನಗೆ ಸ್ವಲ್ಪ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಆಯಿತು.

ಮ್ಯಾನೇಜರನ್ನು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಸೀಟು ಯಾರಿಗೆಂದು ತೀರ್ಮಾನಿಸುವವರು ಅವರೇ. ನಲವತ್ತರ ಆಸುಪಾಸಿನ ಮಿತಭಾಷಿ. ಗುರುವಾರ ಹೆಂಡತಿಗೆ ಖಡಕ್ಕಾಗಿ ಹೇಳಿದೆ: “ನಾಳೆ ನೀನು ಬಡಿಸಿದರೆ ಸಾಕು, ಮಾತಾಡಬೇಡ. ಮಾತೆಲ್ಲ ನಾನು ನೋಡಿಕೊಳ್ತೇನೆ.”

“ಆಯ್ತು ಮಾರಾಯ್ರೆ. ನಿಮ್ಮ ಪರೀಕ್ಷೆ, ನೀವೇ ಬರೀರಿ.”

ಹೆಂಡತಿಗೆ ಮೈ ಸರಿಯಿಲ್ಲವೆಂದು ಮ್ಯಾನೇಜರು ಒಬ್ಬರೇ ಬಂದರು. ಕೋರಿ ರೊಟ್ಟಿ ಮಾಡಿದ್ದೆವು. ರಜೆಯಿಂದ ಬಂದವರ ಕೈಯಲ್ಲಿ ಊರಿನಿಂದ ತರಿಸಿದ ಒಣ ರೊಟ್ಟಿ, ಮೇಲೆ ಬಿಸಿ ಕೋಳಿ ಗಸಿ. ನಮ್ಮ ಕಡೆಯ ಊಟದ ಕ್ರಮ ಗೊತ್ತಲ್ಲ? ನೆಂಟರ ಬಟ್ಟಲು ಖಾಲಿಯಾಗಬಾರದು. ಬೇಡ ಎಂದರೂ ಒಂದು ಸಲ ಬಡಿಸಲೇಬೇಕು. ಹೊಟ್ಟೆ ತುಂಬಿದವನು ಎಲೆಯ ಮೇಲೆ ಅಡ್ಡ ಕೈ ಹಿಡಿದು, ಸ್ವಲ್ಪ ಉಳಿಸಿ ಏಳುತ್ತಾನೆ. ಅಲ್ಲಿಯವರೆಗೆ ಬಿಡುವುದಿಲ್ಲ. ಜಪಾನಿನವರಲ್ಲಿ ಬಟ್ಟಲಲ್ಲಿ ಒಂದು ಅಗುಳು ಉಳಿಸಿದರೂ ಅಡುಗೆ ಮಾಡಿದವರಿಗೆ ಅವಮಾನ. ಇದು ನನಗೆ ಗೊತ್ತಿರಲಿಲ್ಲ. ಅವರು ಮುಗಿಸಿದರು, ನಾವು ಬಡಿಸಿದೆವು. ಮತ್ತೆ ಮುಗಿಸಿದರು, ಮತ್ತೆ ಬಡಿಸಿದೆವು. “ಹಾಕು, ಹಾಕು, ಎಷ್ಟು ಇಷ್ಟ ಆಗಿದೆ ನೋಡು!” ಎಂದು ನಾನು ಹುರಿದುಂಬಿಸುತ್ತಿದ್ದೆ. ಮ್ಯಾನೇಜರ ಕಿವಿ ಕೆಂಪಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಕಲಿತಿದ್ದ ವಾಕ್ಯಗಳೆಲ್ಲ ರೈಲ್ವೆ ಸ್ಟೇಷನ್ನಿನವು, ಪೋಸ್ಟಾಫೀಸಿನವು. ಸಾಕೋ ಬೇಕೋ ಎಂದು ಕೇಳುವುದು ಹೇಗೆಂದು ನೆನಪಾಗಲಿಲ್ಲ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಮಾತಾಡಬೇಡವೆಂದು ತಲೆಯಾಡಿಸಿದೆ.

ಐದನೇ ಸಲಕ್ಕೆ ಅವರು ಮೆಲ್ಲಗೆ ಸೊಂಟದ ಬೆಲ್ಟು ಸಡಿಲಿಸಿದರು. ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ತಲೆ ಬಾಗಿಸಿ, ನಿಧಾನವಾಗಿ ಜಪಾನಿಯಲ್ಲಿ ಏನೋ ಹೇಳಿದಳು. ಬಿಡಿ, ನಮ್ಮಲ್ಲಿ ಉಳಿಸಿದರೆ ತಪ್ಪಿಲ್ಲ, ತಪ್ಪು ನಮ್ಮದೇ, ಕ್ಷಮಿಸಿ ಎಂದಳಂತೆ. ಅದು ನನಗೆ ಆಮೇಲೆ ತಿಳಿದದ್ದು. ಮ್ಯಾನೇಜರು ಚಮಚ ಕೆಳಗಿಟ್ಟು ಒಂದು ದೊಡ್ಡ ಉಸಿರು ಬಿಟ್ಟರು. ಆಮೇಲೆ ನಕ್ಕರು ನೋಡಿ! ಎರಡು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಂತರ ಒಂದು ಗಂಟೆ ಅವರಿಬ್ಬರದೇ ಮಾತು. ಅವಳು ತಪ್ಪುತ್ತಾ, ನಗುತ್ತಾ, ಕೈಯಲ್ಲಿ ತೋರಿಸುತ್ತಾ, ಆದರೆ ನಿಲ್ಲದೆ ಮಾತಾಡಿದಳು. ಹತ್ತು ಮಾತಿನಲ್ಲಿ ಒಂದು ನನಗೆ ಅರ್ಥವಾಯಿತು. ನಾನು ನೀರು ತಂದೆ, ಚಹಾ ತಂದೆ, ಬಾಳೆಹಣ್ಣು ತಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ನಾನು ಎಲ್ಲ ತಪ್ಪನ್ನೂ ಆ ದರಿದ್ರ ಪುಸ್ತಕದ ಮೇಲೆ ಹಾಕಿಕೊಂಡು ಕೂತೆ.

ಮರುದಿನ ಶನಿವಾರ ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದರು. ಅವರ ಹೆಂಡತಿ ಬಸುರಿಯಂತೆ. ಬಂದು ಎರಡು ತಿಂಗಳು, ಇಂಗ್ಲಿಷೂ ಬಾರದು, ದಿನವಿಡೀ ಒಬ್ಬಳೇ. ತೋರಿಸಿಕೊಳ್ಳುವುದು ಜಾಬ್ರಿಯಾದ ಆಸ್ಪತ್ರೆಯಲ್ಲಿ. ಅಲ್ಲಿ ನರ್ಸುಗಳೆಲ್ಲ ನಮ್ಮ ದೇಶದವರೇ, ಆಕೆ ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. “ನಿಮ್ಮ ಶ್ರೀಮತಿ ವಾರಕ್ಕೆ ಎರಡು ದಿನ ಅವಳ ಜೊತೆ ಇರಬಹುದೇ? ನನ್ನವಳು ಅವರಿಗೆ ಜಪಾನಿ ಹೇಳಿಕೊಡುತ್ತಾಳೆ” ಎಂದು ಇಂಗ್ಲಿಷಿನಲ್ಲಿ, ಬಹಳ ಸಂಕೋಚದಿಂದ ಕೇಳಿದರು.

ನನಗೆ ಕಂಡದ್ದು ಒಂದೇ. ವಾರಕ್ಕೆ ಎರಡು ದಿನ ಅವಳಿಗೆ ಬಾಯ್ತುಂಬ ಜಪಾನಿ. ನನಗೆ? ಬಸ್ಸು, ವಾಕ್‌ಮನ್, ನಿದ್ದೆ.

“ಸಾರಿ ಸರ್” ಎಂದೆ. “ನಮ್ಮ ಸಂಪ್ರದಾಯದಲ್ಲಿ ಹೆಂಗಸರು ಹಾಗೆ ಒಬ್ಬರೇ ಹೊರಗೆ ಹೋಗುವುದಿಲ್ಲ.”

ಥೂ ನನ್ನ ಬಾಯಿಗೆ! ನಮ್ಮದು ತಾಯಿಯಿಂದ ಮಗಳಿಗೆ ಮನೆ ಹೋಗುವ ಅಳಿಯಕಟ್ಟಿನ ಕುಲ. ನನ್ನಮ್ಮ ಬೀಡಿ ಕಟ್ಟಿ ಕಂಪೆನಿಯ ಬ್ರ್ಯಾಂಚಿಗೆ ಹೊತ್ತು ಹಾಕಿ ನನ್ನನ್ನು ಓದಿಸಿದವಳು. ಯಜಮಾನಿಕೆ ಎಂದರೆ ಅಜ್ಜಿಯದ್ದು, ಅವಳ ಎದುರು ಗಂಡಸರು ಕೂರುತ್ತಿರಲಿಲ್ಲ. ಅಂಥ ಮನೆಯವನು ಸಂಪ್ರದಾಯ ಎಂದೆ. ಪಾಪ, ಅವರು ನಂಬಿದರು. ಸಂಪ್ರದಾಯ ಎಂದ ಕೂಡಲೇ ಬಗ್ಗಿ ಕ್ಷಮೆ ಕೇಳಿ ಹೋದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಹೆಂಡತಿ ಮಾತ್ರ ದಿನಾ ಕೇಳುತ್ತಿದ್ದಳು. “ಅವರು ಎಂತಾದ್ರೂ ಹೇಳಿದ್ರಾ? ಅವರ ಹೆಂಡತಿಯನ್ನು ಒಮ್ಮೆ ಕರ್ಕೊಂಡು ಬರ್ತೇನೆ ಅಂದಿದ್ರು.”

“ಊಟ ಒಳ್ಳೆದಿತ್ತಂತೆ” ಎನ್ನುತ್ತಿದ್ದೆ. ಒಂದು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟಳು. ಡಬ್ಬಿಗಳ ಚೀಟಿಗಳು ಒಂದೊಂದಾಗಿ ಎಣ್ಣೆ ಹತ್ತಿ ಉದುರಿದವು. ಅವಳು ಹೊಸತು ಬರೆಯಲಿಲ್ಲ.

ಸೀಟು ನನಗೇ ಸಿಕ್ಕಿತು. ಸಿಕ್ಕಿದ ಖುಷಿಯನ್ನೂ ಮ್ಯಾನೇಜರು ಒಂದೇ ಮಾತಿನಲ್ಲಿ ಕಿತ್ತುಕೊಂಡರು: “ಮನೆಯಲ್ಲಿ ಅಷ್ಟು ಒಳ್ಳೆಯ ಜೊತೆ ಇರುವವನು ಬೇಗ ಕಲಿಯುತ್ತಾನೆ ಎಂದು ಬರೆದು ಕಳಿಸಿದೆ.” ಅದೂ ಅವಳ ಲೆಕ್ಕಕ್ಕೇ!

ನಾನು ಹೊರಡುವ ಹಿಂದಿನ ವಾರ ಒಂದು ಸಂಜೆ ಗಂಡಹೆಂಡತಿ ಇಬ್ಬರೂ ಬಂದರು, ಎರಡು ತಿಂಗಳ ಕೂಸನ್ನು ಎತ್ತಿಕೊಂಡು. ನನ್ನ ಹೆಂಡತಿ ಮಗುವನ್ನು ತೆಗೆದುಕೊಂಡಳು. ಆ ಹೆಂಗಸು ಅವಳ ಕೈ ಹಿಡಿದು ಜಪಾನಿಯಲ್ಲಿ ಮಾತಿಗೆ ತೊಡಗಿದಳು. ಅಷ್ಟರಲ್ಲಿ ನಾನೂ ತಕ್ಕಮಟ್ಟಿಗೆ ಕಲಿತಿದ್ದೆ. ಕಲಿಯದಿದ್ದರೆ ಚೆನ್ನಾಗಿತ್ತು.

“ನಿಮ್ಮ ಸಂಪ್ರದಾಯ ಹಾಗಂತೆ, ನೀವು ಹೊರಗೆ ಬರುವಂತಿಲ್ಲವಂತೆ. ನನ್ನವರು ನಿಮ್ಮ ಯಜಮಾನರನ್ನು ಕೇಳಿ ಬಂದು ಹೇಳಿದರು. ಕೇಳಿದ್ದೇ ತಪ್ಪಾಯಿತೇನೋ. ಹೆರಿಗೆಯ ದಿನ ಇವರು ಸೈಟಿನಲ್ಲಿದ್ದರು. ಇಡೀ ದಿನ ನಾನು ಹೇಳಿದ್ದು ಯಾರಿಗೂ ತಿಳಿಯಲಿಲ್ಲ, ಅವರು ಹೇಳಿದ್ದು ನನಗೆ ತಿಳಿಯಲಿಲ್ಲ. ತುಂಬ ಹೆದರಿದ್ದೆ. ನೀವಿದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡೆ.”

ನನ್ನ ಹೆಂಡತಿ ಮಗುವಿನ ಮುಖವನ್ನೇ ನೋಡುತ್ತಿದ್ದಳು. ಅವಳು ತಲೆಯೆತ್ತಿ, ಎಲ್ಲಿಯೂ ತಡವರಿಸದೆ, ಮರ್ಯಾದೆಯ ಜಪಾನಿಯಲ್ಲಿ ಹೇಳಿದಳು: “ಹೌದು. ನಮ್ಮಲ್ಲಿ ಹಾಗೆಯೇ. ಬರಲಾಗದ್ದಕ್ಕೆ ಕ್ಷಮಿಸಿ.”

ನನ್ನ ಮಾನ ಉಳಿಯಿತು. ದೇವರಾಣೆ, ಆ ಗಳಿಗೆಯಲ್ಲೂ ನನ್ನೊಳಗಿನ ಹಾಳು ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ. ನನ್ನ ಸುಳ್ಳನ್ನೂ ಇವಳು ನನಗಿಂತ ಚೆನ್ನಾಗಿ ಹೇಳಿದಳಲ್ಲ ಅನ್ನಿಸಿತು.

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದೆ. ಅವಳು ಚಹಾದ ಲೋಟಗಳನ್ನು ತೊಳೆಯುತ್ತಿದ್ದಳು. ಬಾಗಿಲಲ್ಲೇ ನಿಂತು ನಾನು “ಅದು... ಆವತ್ತು...” ಎಂದು ಶುರುಮಾಡಿದೆ.

“ಬಿಡಿ” ಎಂದಳು. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. “ಹೇಗೂ ಹೋಗ್ತಿದ್ದೀರಲ್ಲ. ನನ್ನಷ್ಟಾದರೂ ಕಲಿತು ಬನ್ನಿ.”

ಆರು ತಿಂಗಳು ಇದ್ದು ಬಂದೆ. ಆಗಲಿಲ್ಲ.