ಚರು, ಚಾರು, ಸಾರು

ನನಗೆ ಗುಜರಾತಿ ಬರುತ್ತದೆ ಎಂಬ ಭ್ರಮೆ ಹುಟ್ಟಿದ್ದು ವಡೋದರಾಕ್ಕೆ ಬಂದ ಮೂರನೇ ತಿಂಗಳಲ್ಲಿ. ಅದಕ್ಕೂ ಮೊದಲು ಏನೂ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಯಾವ ಅನಾಹುತವೂ ಆಗಿರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿಯನ್ನು ಎಲ್ಲರೂ 'ಬಾ' ಎನ್ನುತ್ತಿದ್ದರು. ಅಲ್ಲಿ ಬಾ ಎಂದರೆ ಅಮ್ಮ. ಬಳ್ಳಾರಿಯ ನನ್ನ ಕಿವಿಗೆ ಬಾ ಎಂದರೆ ಬಾ. ಮೊದಲ ವಾರ ಕೆಳಗೆ ಯಾರು ಹಾಗೆ ಕೂಗಿದರೂ ನಾನು ಮಹಡಿಯ ಮೆಟ್ಟಿಲಿಳಿದು ಹೋಗಿ ಎದುರಿಗೆ ನಿಲ್ಲುತ್ತಿದ್ದೆ.

ಊರಾಚೆ ತೈಲ ಶುದ್ಧೀಕರಣ ಕಾರ್ಖಾನೆಯಿರುವ ಕೊಯಾಲಿಯ ಕಡೆ ಎಲ್ಲಿ ನೆಲ ಅಗೆಯುವುದಿದ್ದರೂ ಮೊದಲು ಅಲ್ಲಿ ಹಳೆಯ ಪೈಪುಗಳಿವೆಯೇ ಎಂದು ನೋಡಬೇಕು. ಅದು ನನ್ನ ಕೆಲಸ. ಉದ್ದನೆಯ ಕೋಲು, ಅದರ ಎರಡು ತುದಿಗೆ ಎರಡು ಪೆಟ್ಟಿಗೆ. ಅದನ್ನು ಸೊಂಟದ ಎತ್ತರಕ್ಕೆ ಹಿಡಿದು ಬಿಸಿಲಲ್ಲಿ ನಡೆಯುತ್ತಿರಬೇಕು. ಮೊಳೆ, ಸೋಡಾ ಮುಚ್ಚಳ, ಮುರಿದ ಬೀಗಗಳನ್ನು ಆ ಯಂತ್ರ ಮೂಸಿಯೂ ನೋಡುವುದಿಲ್ಲ. ಆಳದಲ್ಲಿ ದೊಡ್ಡದೇನಾದರೂ ಇದ್ದರೆ ಮಾತ್ರ ಕುಂಯ್ ಎನ್ನುತ್ತದೆ. ಇದನ್ನೆಲ್ಲ ಒಂದು ಸಂಜೆ ಬಾ ಅವರಿಗೆ ಕೈಸನ್ನೆ ಮಾಡಿ ವಿವರಿಸಿದ್ದೆ.

ಮರುದಿನದಿಂದ ಶುರುವಾಯಿತು. ನನ್ನನ್ನು ಕಂಡಾಗಲೆಲ್ಲ ಮುದುಕಿ ಮುಂಗೈ ಹಿಡಿದು ಒಂದೇ ವಾಕ್ಯ ಹೇಳತೊಡಗಿದರು. ಬಾಯಲ್ಲಿ ಹಲ್ಲಿರಲಿಲ್ಲ. ನನಗೆ ಕೇಳಿಸಿದ್ದು, "ಜಮಣ್‌ಮಾಂ ಚಾರು ಛೆ." ಜಮಣ್ ಎಂದರೆ ಊಟ ಎಂದು ಅದೇ ವಾರ ಕಲಿತಿದ್ದೆ. ಚಾರು ಯಾರಿಗೆ ಗೊತ್ತಿಲ್ಲ? ನಮ್ಮ ಬೀದಿಯಲ್ಲಿ ಅರ್ಧ ಜನ ತೆಲುಗರು, ಅವರ ಮನೆಯಲ್ಲಿ ಸಾರಿಗೆ ಚಾರು ಎಂದೇ ಹೆಸರು. ಪಾಪ, ಬೆಲ್ಲ ಹಾಕಿದ ದಾಲ್ ತಿಂದು ತಿಂದು ಜೀವ ಬೇಸತ್ತಿದೆ, ಊಟಕ್ಕೆ ಸಾರು ಬೇಕೆನ್ನುತ್ತಿದ್ದಾರೆ ಎಂದು ನನ್ನ ಕರುಳು ಚುರುಕ್ ಎಂದಿತು.

ಹತ್ತಿರದಲ್ಲೇ ಕುಂದಾಪುರದವರೊಬ್ಬರ ಹೋಟೆಲಿತ್ತು. ಮೂವತ್ತು ವರ್ಷದಿಂದ ಅಲ್ಲೇ ಇದ್ದವರು. ಅವರಲ್ಲಿ ದಿನ ಬಿಟ್ಟು ದಿನ ಸ್ಟೀಲಿನ ಡಬ್ಬಿಯಲ್ಲಿ ಸಾರು ತುಂಬಿಸಿಕೊಂಡು ಬಂದು ಬಾ ಅವರ ಮುಂದಿಡುತ್ತಿದ್ದೆ. ಅವರು ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನದನ್ನು ಕೃತಜ್ಞತೆ ಎಂದುಕೊಂಡೆ. ಕುಡಿದು ಮುಗಿಸಿ ಮತ್ತೆ ಮುಂಗೈ ಹಿಡಿದು ಅದೇ ವಾಕ್ಯ. ನಾನು ಡಬ್ಬಿಯ ಗಾತ್ರ ಹೆಚ್ಚಿಸಿದೆ.

ಒಂದೂವರೆ ತಿಂಗಳಾದ ಮೇಲೆ ಹೋಟೆಲಿನವರು ತಡೆಯಲಾರದೆ ಕೇಳಿದರು. "ಎಂತ ಮಾರಾಯ್ತಿ, ಆ ಅಜ್ಜಿಯನ್ನು ಸಾರು ಕುಡಿಸಿಯೇ ಕೊಲ್ಲುವ ಅಂದಾಜಾ?"

"ಅವರೇ ಕೇಳ್ತಾರ್ರೀ ಅಣ್ಣಾ. ಜಮಣ್‌ಮಾಂ ಚಾರು ಛೆ ಅಂತ ದಿನಾ ಬೆನ್ನು ಬಿದ್ದಾರ."

ಅವರು ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿ ನಗಲು ಶುರುಮಾಡಿದವರು ಕೆಮ್ಮು ಹತ್ತುವವರೆಗೂ ನಿಲ್ಲಿಸಲಿಲ್ಲ. "ಜಮಣ್ ಅಲ್ಲ, ಜಮೀನ್! ಚಾರು ಅಲ್ಲ, ಚರು! ಚರು ಅಂದ್ರೆ ಹೂತಿಟ್ಟ ಕೊಪ್ಪರಿಗೆ. ನೆಲದೊಳಗೆ ಕೊಪ್ಪರಿಗೆ ಉಂಟು ಅಂತ ಹೇಳುದು ಅವರು. ನೀನು ಸಾರು ಕುಡಿಸ್ತಾ ಕೂತಿದ್ದಿ!"

ಅಂದು ಸಂಜೆಯೇ ಅವರನ್ನು ಕರೆತಂದು ಬಾ ಅವರ ಎದುರು ಕೂರಿಸಿದೆ. ಅವರು ಕೇಳಿ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಂತೆ ನನ್ನ ನಗು ಇಳಿಯಿತು.

ಮನೆಯ ಹಿಂದಿನ ಬಯಲಿನಲ್ಲಿ ಹಿಂದೆ ಆ ಕುಟುಂಬದ ಮೂಲ ಮನೆಯಿತ್ತು. ಈಗ ಜಗಲಿಯ ನಾಲ್ಕು ಕಲ್ಲು, ಜಾಲಿ ಗಿಡ, ಅಷ್ಟೆ. ಬಾ ಹೊಸ ಸೊಸೆಯಾಗಿದ್ದಾಗ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. ಮೂರು ದಿನ ಅಡುಗೆಮನೆಯ ಕಡೆ ಕೈ ತೋರಿಸಿ ತೋರಿಸಿ ಆಕೆ ಸತ್ತರು. ಆಮೇಲೆ ನೋಡಿದರೆ ಆಕೆಯ ಒಡವೆಯ ಚರು ಇಲ್ಲ. ಬಾ ಅವರ ನಾದಿನಿ ಊರೆಲ್ಲ ಕೇಳುವಂತೆ ಹೇಳಿದಳು: ಹೊಸ ಸೊಸೆ ಅದನ್ನು ತವರಿಗೆ ಸಾಗಿಸಿದ್ದಾಳೆ. ಗಂಡ ತಂಗಿಯ ಮಾತನ್ನೇ ನಂಬಿದ. ಸಾಯುವವರೆಗೂ ಬೀರುವಿನ ಕೀಲಿಕೈಯನ್ನು ಹೆಂಡತಿಗೆ ಕೊಡಲಿಲ್ಲ.

"ಬಯಲು ಮಾರಿ ಆಗಿದೆಯಂತೆ," ಎಂದರು ಹೋಟೆಲಿನವರು. "ಮುಂದಿನ ವಾರ ಜೆಸಿಬಿ ಬರ್ತದೆ. ಅವರಿಗೆ ಚಿನ್ನ ಬೇಡವಂತೆ ಮಾರಾಯ್ತಿ. ಆ ನಾದಿನಿ ಕಣ್ಣಾರೆ ನೋಡಬೇಕಂತೆ, ಅಷ್ಟೇ."

ಈ ಮಾತನ್ನು ಒಂದೂವರೆ ತಿಂಗಳು ಸಾರಿನಲ್ಲಿ ಮುಳುಗಿಸಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಯಂತ್ರ ಹಿಡಿದು ಬಯಲಿಗೆ ಇಳಿದೆ. ಬಾ ಅವರ ಮಗ ಹಾರೆ, ಸಲಿಕೆ ಹಿಡಿದು, ಇದೆಲ್ಲ ಹುಚ್ಚು ಎಂಬ ಮುಖ ಹೊತ್ತು ಹಿಂದೆ ಬಂದರು. ಮೊದಲ ಕುಂಯ್‌ಗೆ ಸಿಕ್ಕಿದ್ದು ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ. ಎರಡನೆಯದಕ್ಕೆ ಬೋರಿನ ಹಳೇ ಪೈಪು. ಪೈಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜೊತೆಗೆ ಬಂದಿದ್ದ ಹೋಟೆಲಿನವರು ಹೊಗಳಿದರು. ಬಾ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನನ್ನ ಅತ್ತೆ ಕೈ ತೋರಿಸಿದ್ದು ಅತ್ತ, ಅತ್ತ ಎಂದು ಕೋಲು ಬೀಸುತ್ತಿದ್ದರು. ಯಂತ್ರಕ್ಕಿಂತ ಮುದುಕಿಯ ಮಾತು ಕೇಳುವುದೇ ವಾಸಿ ಎಂದು ಅತ್ತ ಹೋದೆ. ಒಲೆಯಿದ್ದ ಮೂಲೆಯಲ್ಲಿ ಕೂಗಲು ಶುರುಮಾಡಿದ ಯಂತ್ರ ನಿಲ್ಲಿಸಲೇ ಇಲ್ಲ.

ಸುಟ್ಟು ಕಪ್ಪಾದ ಇಟ್ಟಿಗೆ ಎರಡು ಸಾಲು, ಅದರ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಮಣ್ಣು. ಮಗನ ಸೊಂಟದಷ್ಟು ಆಳದಲ್ಲಿ ಹಿತ್ತಾಳೆಯ ಅಂಚು ಕಂಡಿತು. ಬಾ ಕುರ್ಚಿಯಿಂದ ಎದ್ದು ಕಿರುಚಿದರು. ಯಾರೂ ಮುಟ್ಟಬಾರದು, ಅವಳು ಬರಲಿ.

ನಾದಿನಿ ಅಹಮದಾಬಾದಿನ ವಸ್ತ್ರಾಪುರದಲ್ಲಿದ್ದರು. ಫೋನು ಮಾಡಿ, ಕಾರು ಹೊರಟು, ಬಂದು ಮುಟ್ಟಲು ಮೂರು ಗಂಟೆ ಹಿಡಿಯಿತು. ಅಲ್ಲಿಯವರೆಗೆ ನಾವು ನಾಲ್ವರು ಒಂದು ಗುಂಡಿಯನ್ನು ಕಾದೆವು. ಮಗ ಒಮ್ಮೆ ಇಣುಕಿ ನೋಡಲು ಹೋಗಿ ತಾಯಿಯ ಕೋಲಿನಿಂದ ಏಟು ತಿಂದರು.

ನಾದಿನಿ ಬಾ ಅವರಿಗಿಂತ ಗಟ್ಟಿಮುಟ್ಟಾಗಿದ್ದರು. ಅವರ ಕಣ್ಣೆದುರೇ ಮಗ ಚರುವನ್ನು ಮೇಲೆತ್ತಿ, ಗಾರೆ ಮೆತ್ತಿದ ಮುಚ್ಚಳ ಒಡೆದರು. ಬೆಳ್ಳಿಯ ಡಾಬು, ಕಾಲ್ಗಡಗ, ಎರಡು ಜೊತೆ ಚಿನ್ನದ ಬಳೆ. ನಾದಿನಿ ಒಂದು ಬಳೆಯನ್ನು ಸೆರಗಿನಿಂದ ಒರೆಸಿ, ಇದು ನನ್ನ ಅಮ್ಮನದೇ ಎಂದರು. ಆಮೇಲೆ ಬಾ ಅವರ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. ಹೋಟೆಲಿನವರು ಅದನ್ನು ಕನ್ನಡಕ್ಕೆ ತರಲು ತಡವರಿಸಿದರು.

"ಹೇಳ್ರೀ ಅಣ್ಣಾ, ಏನಂದ್ರು?"

"ಹಾಗಾದ್ರೆ ತವರಿಗೆ ಸಾಗಿಸ್ಲಿಲ್ಲ, ಇಲ್ಲೇ ಹೂತಿಟ್ಟಿದ್ದಿ ಅಂತ."

ನನಗೆ ಮೈ ಉರಿದುಹೋಯಿತು. ಒಲೆಯ ಇಟ್ಟಿಗೆ, ಅದರ ಕೆಳಗಿನ ಮಣ್ಣು, ಒಲೆ ಕಟ್ಟುವ ಮೊದಲೇ ಹೂತದ್ದು ಇದು, ಆ ಒಲೆ ಸೊಸೆ ಬರುವ ಮೊದಲಿನದು ಎಂದು ಮುರುಕು ಹಿಂದಿಯಲ್ಲಿ ಕೂಗಾಡಿದೆ. ಆಕೆ ಪಂಪ್‌ಸೆಟ್ಟಿನ ಸದ್ದು ಕೇಳುವವರಂತೆ ನನ್ನ ಕೂಗಾಟ ಕೇಳಿಸಿಕೊಂಡರು.

ಬಾ ಒಡವೆಗಳನ್ನೆಲ್ಲ ಚರುವಿಗೆ ಹಾಕಿ, ಅದನ್ನು ನಾದಿನಿಯ ಕಡೆ ತಳ್ಳಿ, ನಿನ್ನ ಅಮ್ಮನದು, ಒಯ್ಯಿ ಎಂದರು. ನಾದಿನಿ ಒಂದು ಸಲವೂ ಬೇಡ ಎನ್ನಲಿಲ್ಲ. ಚರುವನ್ನು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರು.

ಕಾರು ಮರೆಯಾದ ಮೇಲೆ ಬಾ ಗುಂಡಿಯ ಅಂಚಿನಲ್ಲಿ ಕೂತು ಜೋರಾಗಿ ಅತ್ತರು. ನನಗೂ ಅಳು ಬಂತು. ಒಂದು ಬಳೆಯನ್ನಾದರೂ ಇಟ್ಟುಕೊಳ್ಳಬೇಕಿತ್ತು ಎಂದು ನನಗೆ ಬಂದಷ್ಟು ಗುಜರಾತಿಯಲ್ಲಿ ಬೈದೆ. ಇಟ್ಟುಕೊಂಡಿದ್ದರೆ ಅವಳು ಹೇಳಿದ್ದು ನಿಜವಾಗುತ್ತಿತ್ತಲ್ಲ ಎಂದು ಬಾ ಮೂಗು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಬೊಚ್ಚು ಬಾಯಿ ನಗುವಿಗೆ ಅಗಲವಾಯಿತು.

"ಅವಳಿಗೆ ಮೂವರು ಸೊಸೆಯರು, ಒಂದೇ ಮನೆ," ಎಂದರು ಬಾ. ಈ ಸಲ ಹೋಟೆಲಿನವರು ಬಾಯಿ ಹಾಕುವ ಮೊದಲೇ ನನಗೆ ಅರ್ಥವಾಯಿತು. "ಇನ್ನು ಅವಳೂ ಅದನ್ನು ಎಲ್ಲಾದರೂ ಹೂಳಲೇಬೇಕು. ಇರುವುದು ಏಳನೇ ಮಹಡಿಯಲ್ಲಿ. ಎಲ್ಲಿ ಅಗೀತಾಳೆ, ಹೇಳು?"