ಕೇಶವ ಸರ್ ಹೊಗಳಿದ ದಿನ

ಕೇಶವ ಸರ್ ಬೈದರೆ ನಮಗೆ ಸಮಾಧಾನ, ಹೊಗಳಿದರೆ ಹೆದರಿಕೆ. "ಭಾರೀ ಲಾಯ್ಕ ಉಂಟು" ಎಂದು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಲು ತೊಡಗಿದರೆಂದರೆ ಎದುರು ನಿಂತವರ ಕತೆ ಮುಗಿಯಿತು.

ಸೀತಾಂಗೋಳಿ ಹತ್ತಿರದ ಕಾಲೇಜಿನಲ್ಲಿ ಅವರು ಜೈವಿಕ ತಂತ್ರಜ್ಞಾನ ಕಲಿಸುತ್ತಿದ್ದರು. ಜೀವಿಯ ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳ ಉದ್ದ ಸಾಲು. ಕಂಪ್ಯೂಟರಿನಲ್ಲಿ ಅದನ್ನು ಲೋಕದ ಬೇರೆ ಜೀವಿಗಳ ಸಾಲುಗಳೊಡನೆ ಹೋಲಿಸಿದರೆ ಅದು ಯಾವ ಜೀವಿಯೆಂದು ತಿಳಿಯುತ್ತದೆ. ಆದರೆ ಮೊದಲೆರಡು ತಿಂಗಳು ಸರ್ ನಮಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಸಾಲು ಹೋಲಿಸುವುದು, ಅಷ್ಟೇ. ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು, ಸುಮ್ಮನಿರುತ್ತೇನೆಯೇ?

"ಕೈಯಲ್ಲಿ ಮಾಡಿದ್ರೆ ತಪ್ಪಾಗುವುದಿಲ್ವಾ ಸರ್?"

"ಆಗ್ತದೆ ಮಾರಾಯ್ತಿ. ಆದ್ರೆ ತಪ್ಪು ಯಾರದ್ದಂತ ಗೊತ್ತಿರ್ತದೆ. ಕಂಪ್ಯೂಟರಿಗೆ ನಾಚಿಕೆ ಇಲ್ಲ. ನಿಮಗುಂಟಾ ನೋಡುವ."

ಹೈದರಾಬಾದಿನ ಒಂದು ಸಂಶೋಧನಾ ಕೇಂದ್ರಕ್ಕೆ ಅವರು ವರ್ಷಕ್ಕೊಬ್ಬರಿಗೆ ಮಾತ್ರ ಶಿಫಾರಸು ಪತ್ರ ಬರೆಯುತ್ತಿದ್ದರು. ನಮ್ಮ ವರ್ಷ ಅದಕ್ಕೆ ಕಾದವರು ಇಬ್ಬರು: ನಾನು ಮತ್ತು ನನ್ನ ಪಕ್ಕದ ಮೇಜಿನ ಸಫಿಯಾ. ತನ್ನೂರು ಮೊಗ್ರಾಲಿನ ಅಳಿವೆಯ ಕೆಸರಿನಿಂದ ಅವಳು ಉಪ್ಪು ತಾಳಿಕೊಳ್ಳುವ ಬ್ಯಾಕ್ಟೀರಿಯವೊಂದನ್ನು ಬೆಳೆಸಿದ್ದಳು. ಅದರ ಅಕ್ಷರಸಾಲು ಕೊಚ್ಚಿಯ ಲ್ಯಾಬಿನಿಂದ ಬಂತು. ಹೋಲಿಸಿದರೆ ಯಾವುದಕ್ಕೂ ಪೂರ್ತಿ ಹೊಂದಲಿಲ್ಲ.

"ಹೊಸ ಜಾತಿಯೇ ಮಾರಾಯ್ತಿ. ಹೆಸರಿಗೆ ಮೊಗ್ರಾಲ್ ಸೇರಿಸ್ತೇನೆ" ಎಂದು ಸಂಭ್ರಮದಲ್ಲಿ ಫೈಲನ್ನು ನನ್ನ ಪೆನ್‌ಡ್ರೈವಿಗೂ ಹಾಕಿಕೊಟ್ಟಳು.

ಶುಕ್ರವಾರ ಸೆಮಿನಾರ್. ಅವಳು ಮಾತು ಮುಗಿಸಿದಳು. ಸರ್ ಕನ್ನಡಕ ತೆಗೆದರು.

"ಭಾರೀ ಲಾಯ್ಕ ಉಂಟು. ಯಂತ್ರ ಸಾಲಿನ ಎರಡೂ ತುದಿ ಸರಿಯಾಗಿ ಓದುವುದಿಲ್ಲ. ಅದನ್ನು ಕತ್ತರಿಸಿ ಇನ್ನೊಮ್ಮೆ ಹುಡುಕು."

ನೆಟ್ ನಿಧಾನ. ಪರದೆಯ ಮೇಲೆ ಚಕ್ರ ತಿರುಗುವಷ್ಟು ಹೊತ್ತೂ ಅವಳು ಎಲ್ಲರೆದುರು ನಿಂತಳು. ಉತ್ತರ ಬಂತು: ನೂರಕ್ಕೆ ನೂರು ಹೊಂದಿಕೆ, ತೀರಾ ಸಾಮಾನ್ಯ ಬ್ಯಾಕ್ಟೀರಿಯ.

"ಇದು ಇರುವುದೆಲ್ಲಿ?"

"ಚರ್ಮದಲ್ಲಿ, ಸರ್."

"ಯಾರ ಚರ್ಮದಲ್ಲಿ?"

ಅವಳು ತನ್ನ ಕೈ ನೋಡಿಕೊಂಡಳು.

"ಹಾಗಾದ್ರೆ ಮೊಗ್ರಾಲಿಗೆ ಹೋದದ್ದು ಎಂತಕ್ಕೆ? ಕೈ ತೊಳೀಲಿಕ್ಕಾ?"

ಇಡೀ ಕ್ಲಾಸು ನಕ್ಕಿತು. ಮೊದಲು ನಕ್ಕವಳು ನಾನು.

ಸೋಮವಾರ ಅವಳು ಬರಲಿಲ್ಲ. ನಾನು ನ್ಯಾಯ ಕೇಳುವ ಠೀವಿಯಲ್ಲಿ ಸರ್ ಕೋಣೆಗೆ ಹೋದೆ. "ನಿಮಗೆ ಮೊದಲೇ ಗೊತ್ತಿತ್ತು ಸರ್. ಒಳಗೆ ಕರೆದು ಹೇಳಬಹುದಿತ್ತು."

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವಿಭಾಗದಲ್ಲಿ ನೆಟ್ ಇದ್ದದ್ದು ಅದೊಂದಕ್ಕೇ; ಸೆಮಿನಾರಿಗೂ ಅದನ್ನೇ ಒಯ್ದದ್ದು. ಹಿಂದಿನ ವಾರದ ಹುಡುಕಾಟಗಳ ಪಟ್ಟಿ, ಮಂಗಳವಾರ, ನನ್ನ ಲಾಗಿನ್: ಸಫಿಯಾಳ ಸಾಲು, ಎರಡೂ ತುದಿ ಕತ್ತರಿಸಿದ್ದು; ಉತ್ತರ ಅದೇ ಚರ್ಮದ ಬ್ಯಾಕ್ಟೀರಿಯ.

"ನನಗೆ ಗೊತ್ತಾದದ್ದೇ ಇದ್ರಿಂದ. ನೀನು ಅವಳಿಗೆ ಹೇಳ್ತಿಯೋ ಅಂತ ಶುಕ್ರವಾರದವರೆಗೆ ಕಾದೆ."

ಸರ್ ಹೈದರಾಬಾದಿನ ಶಿಫಾರಸು ಪತ್ರಕ್ಕೆ ರುಜು ಹಾಕಿ ಮುಂದೆ ತಳ್ಳಿದರು.

"ತಕೊ. ತುದಿ ಲಾಯ್ಕದಲ್ಲಿ ಕತ್ತರಿಸಿದ್ದಿ."

ತೆಗೆದುಕೊಂಡೆ. ಕಾಲೇಜು ಬಿಟ್ಟ ಮೇಲೆ ಮತ್ತೆ ಅವರನ್ನು ಕಾಣಲಿಲ್ಲ. ಸಫಿಯಾ ಪರೀಕ್ಷೆಗೂ ಕೂತಿರಲಿಲ್ಲ.

ಕಳೆದ ವರ್ಷ ಸರ್ ತೀರಿಕೊಂಡರು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರೂ ಅವರ ಕ್ರೌರ್ಯದ ಕತೆ ಬರೆದರು. ಹೆಚ್ಚಿನವರು ಬರೆದದ್ದು ಸಫಿಯಾಳದ್ದನ್ನೇ. ಮಂಗಳವಾರದ ಸುದ್ದಿ ಯಾರೂ ಎತ್ತಲಿಲ್ಲ. ಸರ್ ಯಾರಿಗೂ ಹೇಳಿರಲಿಲ್ಲ. ನಾನೂ ಒಂದು ಸಾಲು ಹಾಕಿದೆ: "ಹೌದು, ಆ ಮನುಷ್ಯನಿಗೆ ಕರುಣೆಯೇ ಇರಲಿಲ್ಲ."