ಮೂಲೆಮನೆ ಅಜ್ಜಿಯ ಡಂಗೂರ

ಜಗಲಿಯ ಕಂಬಕ್ಕೆ ಒರಗಿ ಬಲಗಾಲು ಚಾಚಿ ಕೂತರೆ ಅಜ್ಜಿಯ ಕಣಕಾಲಿನ ಮೇಲೆ ಹುಣಸೆಬೀಜದಷ್ಟಗಲದ ಮೂರು ಕಲೆಗಳು ಕಾಣುತ್ತಿದ್ದವು. ಮಾತಿನ ನಡುವೆ ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗಿ ಅವನ್ನು ಸವರುತ್ತಿತ್ತು. "ಇದು ದೊಡ್ಡ ಮಗ ಹುಟ್ಟಿದ ವರ್ಷದ್ದು. ಇದು ಪ್ಲೇಗಿಗೆ ಊರು ಬಿಟ್ಟು ಹೊಲದಾಗೆ ಗುಡಿಸ್ಲು ಹಾಕಿದ್ವಲ್ಲ, ಆಗಿಂದು. ಇದು ನಮ್ಮ ಯಜಮಾನ್ರು ಹೋದ ವರ್ಷದ್ದು" ಎಂದು ಕಾಲು ತೋರಿಸಿಯೇ ತನ್ನ ಆಯುಷ್ಯ ಹೇಳುವಳು. ಅವು ನಾರುಹುಣ್ಣಿನ ಕಲೆಗಳು. ಜಗಳೂರು ಸೀಮೆಯ ಆ ಊರಿನಲ್ಲಿ ಅಂಥ ಕಲೆ ಇಲ್ಲದ ಕಾಲು ಹುಡುಕುವುದೇ ಕಷ್ಟವಿತ್ತು. ಬೇಸಿಗೆ ಬಂತೆಂದರೆ ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು. ಅವಸರಪಟ್ಟು ಹುಳು ತುಂಡಾಯಿತೋ, ಕಾಲು ಬಾತುಕೊಂಡು ತಿಂಗಳುಗಟ್ಟಲೆ ಹಾಸಿಗೆ.

ನಾನು ಆ ಊರಿಗೆ ಸೊಸೆಯಾಗಿ ಹೋದದ್ದು ಮೂವತ್ತರ ದಶಕದ ಕೊನೆಯಲ್ಲಿ. ತವರು ನ್ಯಾಮತಿ. ಅಜ್ಜಿ ನಮಗೆ ಬಳಗವೇನಲ್ಲ, ಪಕ್ಕದ ಮನೆಯವಳು. ಮೂರು ಬೀದಿ ಕೂಡುವ ಜಾಗದಲ್ಲಿ ಅವಳ ಮನೆ ಇದ್ದುದರಿಂದ ಊರಿಗೆಲ್ಲ ಅವಳು ಮೂಲೆಮನೆ ಅಜ್ಜಿ. ಮೊದಲ ದಿನ ಕೊಡ ಹಿಡಿದು ತಲೆ ತಗ್ಗಿಸಿ ಬಾವಿಯ ಮೆಟ್ಟಿಲು ಇಳಿಯುತ್ತಿದ್ದ ನನ್ನನ್ನು ನೋಡಿ, "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತ ಕಾಯ್ತಿದ್ದೆ. ಯಾವೂರವ್ವಾ?" ಎಂದಳು. ಹೇಳಿದೆ. ಅಂದಿನಿಂದ ನನ್ನ ಹೆಸರು ಹೋಗಿ ನಾನು 'ನ್ಯಾಮತಿ' ಆದೆ. ಅತ್ತೆ ಎಷ್ಟು ಹೆಸರು ಹಿಡಿದು ಕರೆದರೂ ಬೀದಿಯಲ್ಲಿ ಉಳಿದದ್ದು ಅಜ್ಜಿ ಇಟ್ಟದ್ದೇ.

ಆಗ ನಮ್ಮೂರಿಗೆ ಸುದ್ದಿ ಬರುತ್ತಿದ್ದ ದಾರಿ ಎರಡು. ಒಂದು, ಜಗಳೂರಿನಿಂದ ಯಾರಾದರೂ ತರುವ ಹಳೆಯ ಪತ್ರಿಕೆ. ಇನ್ನೊಂದು ಡಂಗೂರ. ಪಂಚಾಯ್ತಿಯದಾಗಲಿ ಅಮಲ್ದಾರರದಾಗಲಿ ಏನೇ ಹುಕುಂ ಬಂದರೂ ಊರ ಹೊರಗಿನ ಕೇರಿಯ ಡಂಗೂರದವನು ತಮಟೆ ಬಡಿಯುತ್ತಾ ಬೀದಿ ಬೀದಿ ಸಾರುವನು. ಬೇರೆ ಕಡೆ ಸಾರಿ ಮುಂದೆ ಹೋಗುತ್ತಿದ್ದವನು ಮೂಲೆಮನೆಯ ಮುಂದೆ ಮಾತ್ರ ಸಾರಿದ ಮೇಲೂ ನಿಲ್ಲುತ್ತಿದ್ದ. ಅಜ್ಜಿಯ ಉತ್ತರ ಬರಬೇಕಲ್ಲ! ಯಾರು ಈ ಪದ್ಧತಿ ಹಾಕಿದರೋ ತಿಳಿಯದು. ಡಂಗೂರದ ಸದ್ದಿಗೆ ಬಾಗಿಲಿಗೆ ಬಂದ ಹೆಂಗಸರೂ ಹುಕುಂ ಕೇಳಿ ಒಳಗೆ ಹೋಗುತ್ತಿರಲಿಲ್ಲ, ಉತ್ತರ ಕೇಳಿಯೇ ಹೋಗುತ್ತಿದ್ದರು.

ಬೀದಿಗೆ ಸೀಮೆಎಣ್ಣೆ ದೀಪದ ಕಂಬ ನೆಡುತ್ತಾರೆ, ಪಂಚಾಯ್ತಿ ಮೆಂಬರ ಮನೆ ಮುಂದೆ, ಎಂದು ಒಮ್ಮೆ ಸಾರಿದ. "ಅವರ ಮನೆ ಬಾಗ್ಲು ಅವರಿಗೆ ಕತ್ತಲಾಗೂ ಗೊತ್ತಾಗ್ತೈತೆ. ಬಚ್ಚಲ ಗುಂಡಿ ಎಲ್ಲೈತೆ ಅಂತ ನಮಗೆ ಗೊತ್ತಾಗಲ್ಲ. ಕಂಬ ಅಲ್ಲಿ ನೆಡ್ರಿ ಅಂತ ಹೇಳು" ಎಂದಳು ಅಜ್ಜಿ. ಬೀದಿಯಲ್ಲಿ ದನ ಬಿಟ್ಟರೆ ದೊಡ್ಡಿಗೆ ಹೊಡೆಯುತ್ತಾರೆ ಎಂದು ಸಾರಿದಾಗ, "ಹೊಡೀಲಿ. ಮೊದ್ಲು ಪಟೇಲರ ಹೋರಿ ಹೊಡ್ದು ತೋರಿಸ್ಲಿ, ಆಮೇಲೆ ನಮ್ಮ ಕರು ನಾವೇ ಹೊಡ್ಕೊಂಡು ಹೋಗ್ತೀವಿ." ಈ ಉತ್ತರಗಳನ್ನು ಡಂಗೂರದವನು ಚಾವಡಿಯಲ್ಲಿ ಒಪ್ಪಿಸುತ್ತಿದ್ದನೋ ಏನೋ, ದೀಪದ ಕಂಬ ಕೊನೆಗೆ ಬಚ್ಚಲ ಗುಂಡಿಯ ಪಕ್ಕದಲ್ಲೇ ಬಂತು. ಹೋರಿಯ ವಿಚಾರ ಮಾತ್ರ ಹೇಳಿದಷ್ಟು ಸುಲಭವಾಗಲಿಲ್ಲ.

ನಾನು ನಾಲ್ಕಕ್ಷರ ಕಲಿತವಳೆಂದು ತಿಳಿದ ಮೇಲೆ ಪತ್ರಿಕೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಯುದ್ಧದ ಕಾಲ. ಜರ್ಮನಿಯವರು ಇಂಥ ಊರು ಹಿಡಿದರು ಎಂದು ಓದಿದರೆ, "ನಮ್ಮೂರಿಗೆ ಬರೋದಾದ್ರೆ ಒಂದು ಡಬ್ಬ ಸೀಮೆಎಣ್ಣೆ ತಗೊಂಡು ಬರಾಕೆ ಹೇಳು" ಎನ್ನುವಳು. ನಗಿಸುವುದಕ್ಕೆ ಹಾಗೆನ್ನುತ್ತಿದ್ದಳೇ ಹೊರತು, ಸತ್ತವರ ಸುದ್ದಿ ಓದಿದಾಗ "ಯಾರ ಮಕ್ಕಳೋ" ಎಂದು ಪತ್ರಿಕೆ ಮಡಿಚಿಡಲು ಹೇಳುತ್ತಿದ್ದಳು. ಅವಳ ಬಾಯಿ ಎಷ್ಟು ಖಾರವೋ ಕರುಳು ಅಷ್ಟೇ ಮೆತ್ತಗೆ.

ಅವಳ ನಿಜವಾದ ಚಾವಡಿ ಜಗಲಿಯಲ್ಲ, ಬಾವಿ. ಅಗಲವಾದ ಕಲ್ಲು ಮೆಟ್ಟಿಲ ಬಾವಿ. ಮೊಣಕಾಲುದ್ದ ನೀರಿಗಿಳಿದು ಕೊಡ ಮುಳುಗಿಸಿ ತುಂಬಬೇಕು. ಮನೆಯಲ್ಲಿ ಗಂಡಸರ ಎದುರು ತುಟಿ ಬಿಚ್ಚದ ಹೆಂಗಸರೆಲ್ಲ ಅಲ್ಲಿ ಬಾಯಿ ಬಿಡುತ್ತಿದ್ದರು. ಅತ್ತೆಯ ಕಾಟ, ಬಸಿರು, ಬಯಕೆ, ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಏನು ಬೇಯುತ್ತಿಲ್ಲ, ಎಲ್ಲ ಅಲ್ಲಿ. ಕೇರಿಯವರು ಮೆಟ್ಟಿಲು ಇಳಿಯುವಂತಿರಲಿಲ್ಲ. ಮೇಲೆ ಗಡಿಗೆ ಇಟ್ಟು ಕಾಯುತ್ತಿದ್ದರು. ನಾವು ಗಡಿಗೆಗೆ ಕೊಡ ತಾಗದಂತೆ ಎತ್ತರದಿಂದ ನೀರು ಹೊಯ್ಯುತ್ತಿದ್ದೆವು. ಅವರಿಳಿದರೆ ಬಾವಿ ಕೆಡುತ್ತದೆ ಎಂಬುದು ಊರಿನ ನಂಬಿಕೆ. ಎಲ್ಲದಕ್ಕೂ ಉತ್ತರ ಕೊಡುವ ಅಜ್ಜಿಯೂ ಈ ಒಂದರ ಬಗ್ಗೆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಎರಡನೆಯ ಬೇಸಿಗೆಗೆ ನನ್ನ ಕಾಲಿಗೂ ನಾರುಹುಣ್ಣು ಬಂತು. ಬೆಂಕಿಯ ಕೊಳ್ಳಿ ಇಟ್ಟ ಹಾಗೆ ಉರಿ. ನಾನು ಅಳುತ್ತಾ ಕೂತಿದ್ದರೆ ಅಜ್ಜಿ ಬಂದು ಕೈ ಹಿಡಿದೆಬ್ಬಿಸಿದಳು. "ಬಾ ನ್ಯಾಮತಿ, ಬಾವಿ ನೀರಾಗೆ ಕಾಲು ಇಳಿಬಿಡು. ಉರಿ ಹೆಂಗೆ ಹೋಗ್ತೈತೆ ನೋಡು." ನಿಜಕ್ಕೂ ತಣ್ಣೀರು ತಾಗುತ್ತಲೇ ಜೀವ ಬಂದಂತಾಯಿತು. ಹುಣ್ಣಾದ ಹೆಂಗಸರನ್ನೆಲ್ಲ ಅವಳು ಹೀಗೆಯೇ ಕರೆದುಕೊಂಡು ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮೆಟ್ಟಿಲಲ್ಲಿ ಸಾಲಾಗಿ ಕೂತು, ಕಾಲು ನೀರಲ್ಲಿ ಬಿಟ್ಟು, ಎಲೆಅಡಿಕೆ ಹಾಕಿಕೊಂಡು ಹರಟುತ್ತಿದ್ದೆವು. ಆ ನೀರನ್ನೇ ಕೊಡದಲ್ಲಿ ತುಂಬಿ ಮನೆಗೆ ಒಯ್ಯುತ್ತಿದ್ದೆವು.

ಹೀಗಿರುವಾಗ ಒಂದು ದಿನ ಡಂಗೂರ ಬಂತು. ಬಾವಿಯ ಮೆಟ್ಟಿಲು ಮುಚ್ಚಿ ಸುತ್ತ ಗೋಡೆ ಕಟ್ಟುತ್ತಾರೆ, ರಾಟೆ ಹಾಕುತ್ತಾರೆ, ಇನ್ನು ಮೇಲೆ ಯಾರೂ ನೀರಿಗೆ ಇಳಿಯಕೂಡದು ಎಂದು. ಹೆಂಗಸರೆಲ್ಲ ಅಜ್ಜಿಯ ಮುಖ ನೋಡಿದರು. ಅಜ್ಜಿ ಎಲೆ ಉಗಿದು ಬಂದು ಕೂತಳು. "ಗೋಡೆ ಕಟ್ಟಾಕೆ ಬರ್ಲಿ. ಮೆಟ್ಲು ಮ್ಯಾಲೆ ನಾನು ಕೂತಿರ್ತೀನಿ. ನನ್ನೂ ಸೇರಿಸಿ ಕಟ್ಲಿ."

ಮಾರನೆಯ ವಾರ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ತಾಳ್ಮೆಯ ಮನುಷ್ಯ. ಜಗಲಿಯಲ್ಲಿ ಅಜ್ಜಿಯ ಎದುರು ಕೂತು ಬಿಡಿಸಿ ಹೇಳಿದರು. ಹುಣ್ಣಾದ ಕಾಲು ನೀರಿಗಿಟ್ಟಾಗ ಹುಳು ಕಣ್ಣಿಗೆ ಕಾಣದ ಮರಿಗಳನ್ನು ಬಿಡುತ್ತದೆ, ಆ ನೀರು ಕುಡಿದವರ ಹೊಟ್ಟೆಗೆ ಅವು ಹೋಗುತ್ತವೆ, ಮುಂದಿನ ವರ್ಷ ಕಾಲಲ್ಲಿ ಹೊರಬೀಳುತ್ತವೆ ಎಂದು. ಅಜ್ಜಿ ಎಲ್ಲ ಕೇಳಿ, "ಹೊಟ್ಟಿಗೆ ಹೋದದ್ದು ಕಾಲಿಗೆ ಬರಾಕೆ ಅದೇನು ದಾರಿ ಕೇಳ್ಕೊಂಡು ಬರ್ತೈತಾ ಸ್ವಾಮಿ? ಇದು ಮಣ್ಣಿನ ಹುಣ್ಣು. ಬರಿಗಾಲಾಗೆ ಹೊಲ ತುಳಿಯೋರಿಗೆ ಬರ್ತೈತೆ. ನೀವು ಬೂಟು ಹಾಕ್ತೀರಿ, ನಿಮಗೆ ಬರಂಗಿಲ್ಲ. ನಮ್ಮ ಬಾವಿ ಔಷಧ ಕಣ್ರೀ" ಎಂದಳು. ನೆರೆದವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಕಲ್ಲುಕೆಲಸದವರು ಬಂದ ದಿನ ಹೇಳಿದಂತೆಯೇ ಹೋಗಿ ಮೆಟ್ಟಿಲ ಮೇಲೆ ಕೂತಳು. ಅವಳ ಹಿಂದೆ ನಾವೆಲ್ಲ ಕೂತೆವು. ಅವರು ಹಾರೆ ಪಿಕಾಸಿ ಹೊತ್ತು ಹಿಂದಿರುಗಿದರು. ಅಜ್ಜಿ ಗೆದ್ದಳು.

ಮುಂದಿನ ಬೇಸಿಗೆ ಡಂಗೂರದವನು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದ. ಸಿಡುಬು ಬರದಂತೆ ಮಕ್ಕಳಿಗೆ ದೇವಿ ಹಾಕುತ್ತಾರೆ, ಎಲ್ಲರೂ ಚಾವಡಿಗೆ ಕರೆತರಬೇಕು ಎಂದು ಸಾರಿ, ಎಂದಿನಂತೆ ನಿಂತ. ಅಜ್ಜಿ ಡಂಗೂರಕ್ಕೆ ಉತ್ತರ ಕೊಡುವ ಮೊದಲು ಅವನ ಕಾಲು ನೋಡಿದಳು.

"ಏನೋ ತಮ್ಮಾ, ನಿನಗೂ ಎದ್ದೈತಾ?"

"ನಂದು ಬಿಡ್ರಿ ಅವ್ವಾರೆ. ಊರೆಲ್ಲ ತುಳಿಯೋ ಕಾಲು. ನಮ್ಮವ್ವಗೂ ಎದ್ದೈತೆ, ಅದೇ ಸಂಕಟ."

"ನಿಮ್ಮವ್ವ ಲಕ್ವ ಹೊಡ್ದು ಮಲಗ್ಯಾಳಲ್ಲೋ?"

"ಹೂಂ ರೀ. ವರ್ಷಗಟ್ಲೆ ಆತು, ನೆಲಕ್ಕೆ ಕಾಲು ಇಟ್ಟಿಲ್ಲ. ಹಾಸಿಗೆ ಮ್ಯಾಲೆ ಇರೋ ಮುದುಕಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ."

ಅಜ್ಜಿಯ ಬೆರಳು ಕಣಕಾಲಿನ ಕಲೆಯ ಮೇಲೆ ನಿಂತುಬಿಟ್ಟಿತು. "ಕುಡಿಯಾಕೆ ನೀರು ಯಾವುದು ಕೊಡ್ತೀರಿ?" ಎಂದಳು.

"ಇನ್ನ್ಯಾವುದು ಐತ್ರಿ? ನೀವು ಹೊಯ್ಯೋ ನೀರೇ."

ಅವನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದ್ದ ಅಷ್ಟೆ. ಆ ದಿನ ಡಂಗೂರಕ್ಕೆ ಉತ್ತರ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು ಹೋದ. ಅಜ್ಜಿ ನನ್ನ ಕಡೆ ತಿರುಗಿ, "ಆಕಿ ಮಣ್ಣು ತುಳಿದಿಲ್ಲ ನ್ಯಾಮತಿ" ಎಂದಳು. ಆಮೇಲೆ, "ನಿನ್ನ ಕಾಲೂ ನಾನೇ ಇಳಿಬಿಡಿಸಿದ್ದೆ" ಎಂದಳು. ಮಾರನೆಯ ದಿನ ಅವಳು ಬಾವಿಗೆ ಬರಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡರು.

ಅದಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಪಟೇಲರ ಮನೆಗೆ ಹೋಗಿ, ತನ್ನದೊಂದು ಡಂಗೂರ ಆಗಬೇಕೆಂದು ಕೇಳಿದಳು. ಖಾಸಗಿಯವರ ಮಾತಿಗೆ ತಮಟೆ ಬಡಿಯುವ ರೂಢಿ ಇರಲಿಲ್ಲ. ಪಟೇಲರು ತಮಾಷೆಯೆಂದು ತಿಳಿದು ಹೂಂ ಅಂದರಂತೆ. ಡಂಗೂರದವನು ಮಾತ್ರ ಅಜ್ಜಿ ಹೇಳಿಕೊಟ್ಟದ್ದನ್ನು ಕೇಳಿ ತಮಟೆ ಕೆಳಗಿಟ್ಟ. "ಹಂಗೆ ಹೆಂಗ್ರಿ ಸಾರೋದು ಅವ್ವಾರೆ?" ಎಂದ. "ಹೇಳಿದಷ್ಟು ಹೇಳು. ನಿನ್ನ ಹಿಂದೆ ನಾನಿರ್ತೀನಿ" ಎಂದಳು.

ಹಾಗೆ ಸಾರಿದ್ದು ಇದು: "ಕೇಳ್ರಪ್ಪೋ ಕೇಳ್ರಿ! ಮೂಲೆಮನೆ ಅಜ್ಜಿ ಬಾವಿ ವಿಚಾರದಾಗೆ ಹೇಳಿದ್ದು ತಪ್ಪು! ಇನ್ಸ್‌ಪೆಟ್ರು ಹೇಳಿದ್ದು ಖರೆ! ಹುಣ್ಣಿನ ಕಾಲು ನೀರಾಗೆ ಇಟ್ಟೋರೇ ಬಾವಿ ಕೆಡಿಸ್ಯಾರೆ! ಗೋಡೆ ಕಟ್ಟಾಕೆ ಬಂದ್ರೆ ಯಾರೂ ಅಡ್ಡ ಬರಬ್ಯಾಡ್ರಿ!"

ತಮಟೆಯ ಹಿಂದೆ ಅಜ್ಜಿ, ಸೆರಗು ತಲೆಯ ಮೇಲೆ ಹೊದ್ದು, ಮೂರು ಬೀದಿಯಲ್ಲೂ ನಡೆದಳು. ಜನ ಬಾಗಿಲಿಗೆ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಯಾರೋ ನಕ್ಕರು. "ಮುದುಕಿಗೆ ಅರಳುಮರಳು" ಎಂದರು. ಅಜ್ಜಿ ಎತ್ತಲೂ ನೋಡಲಿಲ್ಲ. ಊರು ಮುಗಿಯಿತು. ಡಂಗೂರದವನು ನಿಂತ. ಅಜ್ಜಿ ನಿಲ್ಲಲಿಲ್ಲ. ನಮ್ಮ ಬೀದಿಯ ಹೆಂಗಸರು ಯಾರೂ ಕಾಲಿಡದ ಕೇರಿಯ ಕಡೆಗೆ ನಡೆದಳು. ಅತ್ತೆ ಬೇಡವೆಂದು ಕಣ್ಣು ಸನ್ನೆ ಮಾಡಿದರೂ ನಾನು ಹಿಂದೆಯೇ ಹೋದೆ. ಡಂಗೂರದವನ ಗುಡಿಸಲ ಬಾಗಿಲಲ್ಲಿ ಬಗ್ಗಿ, ಒಳಗೆ ಚಾಪೆಯ ಮೇಲಿದ್ದ ಅವನ ತಾಯಿಯನ್ನು ನೋಡಿ ಅಜ್ಜಿ ಅಂದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ನೀವು ಮುಟ್ಟಿದ್ರೆ ಬಾವಿ ಕೆಡ್ತೈತೆ ಅಂತ ಇಷ್ಟು ದಿನ ಮ್ಯಾಲೆ ನಿಲ್ಲಿಸಿದ್ವಿ. ಕೆಡಿಸಿದ್ದು ನಮ್ಮ ಕಾಲು ಕಣವ್ವಾ. ಕೆಡಿಸಿ ನಿನಗೆ ಹೊಯ್ದ್ವಿ."

ಮುದುಕಿ ಬಾಯಿ ಸ್ವಾಧೀನವಿಲ್ಲದೆ ಸುಮ್ಮನೆ ನೋಡುತ್ತಿದ್ದಳು. ಅಜ್ಜಿಗೆ ಅಳು ಬಂತು. ನಾನು ಅವಳು ಅತ್ತದ್ದು ನೋಡಿದ್ದು ಅದೊಂದೇ ಸಲ.

ಗೋಡೆ ಕಟ್ಟಿದರು. ಅಜ್ಜಿಯ ಮೆಟ್ಟಿಲು, ನಮ್ಮ ಹರಟೆ, ಎಲ್ಲ ಕಲ್ಲಿನ ಹಿಂದೆ ಹೋಯಿತು. ಕಟ್ಟುವಾಗ ಬಾವಿಯ ನಾಲ್ಕೂ ಕಡೆ ರಾಟೆಗೆಂದು ಕಲ್ಲುಕಂಬ ನಿಲ್ಲಿಸಿದ್ದರು. ಮೂರಕ್ಕೆ ರಾಟೆ ಬಂತು. ನಾಲ್ಕನೆಯದನ್ನು ಕೇರಿಯವರಿಗೆ ಕೊಡಿ ಎಂದು ಅಜ್ಜಿ ಹಟ ಹಿಡಿದಳು. ಪಂಚಾಯ್ತಿಯವರು ಆಗಲಿ ಅನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಕಂಬ ಬೋಳಾಗಿಯೇ ನಿಂತಿತು. ಆಮೇಲೆ ಬಂದ ಪ್ರತಿ ಡಂಗೂರಕ್ಕೂ, ಅದು ರೇಷನ್ನಿನದಾಗಿರಲಿ ಕಂದಾಯದ್ದಾಗಿರಲಿ, ಅಜ್ಜಿಯ ಉತ್ತರ ಒಂದೇ ಆಯಿತು: "ಅದೆಲ್ಲ ಸರಿ, ನಾಲ್ಕನೇ ರಾಟೆ ಯಾವಾಗ?" ಕೈ ನಡೆಯುವಷ್ಟು ಕಾಲ ದಿನಾ ಬೆಳಿಗ್ಗೆ ತಾನೇ ಸೇದಿ ಕೇರಿಯವರ ಗಡಿಗೆಗಳಿಗೆ ಹೊಯ್ಯುತ್ತಿದ್ದಳು. ನೀನು ಕೂತುಕೋ ಎಂದರೆ, "ಕೆಡಿಸಿದ ನೀರು ಹೊಯ್ಯಾಕೆ ದಣಿವಾಗ್ಲಿಲ್ಲ, ಇದಕ್ಕೆ ಆಗ್ತೈತಾ?" ಎನ್ನುವಳು. ನನ್ನ ಎಡಗಾಲಿನ ಮೇಲೆ ಒಂದು ಕಲೆ ಇದೆ. ನನ್ನ ಮಕ್ಕಳ ಕಾಲ ಮೇಲೆ ಇಲ್ಲ.

ಯುದ್ಧ ಮುಗಿದ ಮರುವರ್ಷ ಅಜ್ಜಿ ಹೋದಳು. ಜಗಲಿಯ ಮೇಲೆ, ಕಂಬಕ್ಕೆ ಒರಗಿದ್ದಂತೆಯೇ. ಮಧ್ಯಾಹ್ನದ ನಿದ್ದೆ ಎಂದುಕೊಂಡು ನಾನು ಪತ್ರಿಕೆ ಹಿಡಿದು ಸ್ವಲ್ಪ ಹೊತ್ತು ಕಾದಿದ್ದೆ.

ಸುಗ್ಗಿಯ ಹೊತ್ತಿಗೆ ಡಂಗೂರದವನು ಬಂದ. ಬಾವಿಯ ಹಗ್ಗಗಳು ಸವೆದಿವೆ, ಹೊಸ ಹಗ್ಗ ಹೊಸೆಯಲು ಮನೆಗಿಷ್ಟು ಪುಂಡಿನಾರು ಕೊಡಬೇಕು ಎಂದು ಮೂಲೆಮನೆಯ ಮುಂದೆ ಸಾರಿದ. ಸಾರಿ, ನಿಂತ. ಅವನಿಗೂ ಗೊತ್ತು ಜಗಲಿ ಬರಿದೆಂದು. ಆದರೂ ಕಾಲು ಮುಂದೆ ಹೋಗಲಿಲ್ಲವೇನೋ. ಬಾಗಿಲಲ್ಲಿದ್ದ ಹೆಂಗಸರೂ ಒಳಗೆ ಹೋಗಲಿಲ್ಲ. ಬೀದಿಯಲ್ಲಿ ಗಂಡಸರಿದ್ದರು, ನಮ್ಮ ಮಾವನವರಿದ್ದರು. ನಾನು ಸೆರಗು ಸರಿಮಾಡಿಕೊಂಡು ನಮ್ಮ ಜಗಲಿಯ ತುದಿಗೆ ಬಂದೆ.

"ನಾರು ಕೊಡ್ತೀವಿ" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು. "ನಾಲ್ಕನೇ ರಾಟೆ ಯಾವಾಗ ಅಂತ ಪಂಚಾಯ್ತಿಯವರನ್ನ ಕೇಳ್ಕೊಂಡು ಬಾ."

ಅವನು ನನ್ನ ಮುಖ ನೋಡಿದ. ತಮಟೆಯನ್ನು ಹೆಗಲಿಗೇರಿಸಿ, "ಆತ್ರಿ ಅವ್ವಾರೆ, ಕೇಳ್ತೀನಿ" ಎಂದು ಚಾವಡಿಯ ಕಡೆಗೆ ನಡೆದ.